ತಗ್ಗಿಗೆ ಹರಿಯುವ ನೀರು



ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ಘಟಪ್ರಭೆಯ ನೀರು, ಧೂಪದಾಳದಲ್ಲಿ ಎಡದಂಡೆ ಕಾಲುವೆಗೆ ತಿರುಗಿ ಗೋಕಾಕ, ಮೂಡಲಗಿಯ ಹೊಲಗಳಿಗೆ ಬರುತ್ತದೆ. ನೀರು ಹರಿಯುವುದು ತಗ್ಗಿಗೆ. ದಿಬ್ಬದ ಹೊಲ ಕಾಲುವೆಯ ಪಕ್ಕದಲ್ಲೇ ಇದ್ದರೂ ಒಣಗಿರುತ್ತದೆ. ದೇವರ ಆಶೀರ್ವಾದವೂ ಹೀಗೆಯೇ.

ಲೂಕನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಇಬ್ಬರು ಪ್ರಾರ್ಥಿಸಲು ದೇವಾಲಯಕ್ಕೆ ಹೋಗುತ್ತಾರೆ. ಫರಿಸಾಯನು ತನ್ನ ಉಪವಾಸ, ದಶಮಾಂಶಗಳ ಲೆಕ್ಕ ಒಪ್ಪಿಸಿದ. ಅದು ಸುಳ್ಳೆಂದು ಪ್ರಭು ಹೇಳಲಿಲ್ಲ, ಗಮನಿಸಿ. ಅವನಿಗೆ ಬೇಡಲು ಏನೂ ಇರಲಿಲ್ಲ, ಅಷ್ಟೇ. ದೂರ ನಿಂತ ಸುಂಕದವನು ಕರುಣೆಯನ್ನು ಬೇಡಿದ, ಪಡೆದುಕೊಂಡು ಹೋದ.

ನಮಗೆ ದೇವರ ಮುಂದೆ ಮೊಣಕಾಲೂರುವುದು ಸುಲಭ, ಒಡಹುಟ್ಟಿದವನ ಮುಂದೆ ತಲೆಬಾಗುವುದು ಕಷ್ಟ. ನೀರಿನ ಪಾಳಿಗಾಗಿ, ಮೊಳದಷ್ಟು ಬದುವಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಇಬ್ಬರೂ ಒಂದೇ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುತ್ತಾರೆ. ಕಾಣಿಕೆಗಿಂತ ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದವರು ಪ್ರಭುವೇ (ಮತ್ತಾಯ 5:23-24).

ಶರಣಾಗತಿ ಎಂದರೆ ಅನ್ಯಾಯ ಕಂಡು ಸುಮ್ಮನಿರುವುದಲ್ಲ. ನಿಮ್ಮ ಹಕ್ಕಿನ ಪಾಳಿಯನ್ನು ಕೇಳಿರಿ. ಆದರೆ ಮೊದಲ ಮಾತು ಅವನೇ ಆಡಲಿ ಎಂದು ಕಾಯಬೇಡಿ. ಈ ಭಾನುವಾರ ದೇವಾಲಯಕ್ಕೆ ಹೊರಡುವ ಮುನ್ನ ಆ ಮನೆಯ ಬಾಗಿಲು ತಟ್ಟಿ, ‘ಅಣ್ಣಾ, ಪೂಜೆಗೆ ಕೂಡಿ ಹೋಗೂಣ ಬಾ’ ಎನ್ನಿರಿ.