ಗೋಲ್‌ಕೀಪರನನ್ನು ಅಳೆಯುವ ಬಗೆ

ಹಂಪನಕಟ್ಟೆಯ ಸಮೀಪದ ನೆಹರೂ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಗಳನ್ನು ನೋಡಿದವರು ಒಂದು ಸಂಗತಿಯನ್ನು ಬಲ್ಲರು. ಮುಂಚೂಣಿಯ ಆಟಗಾರನು ಹತ್ತು ಸಲ ಗುರಿ ತಪ್ಪಿ ಒಮ್ಮೆ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಗೋಲ್‌ಕೀಪರನು ಹತ್ತು ಹೊಡೆತಗಳನ್ನು ತಡೆದು ಒಂದನ್ನು ಬಿಟ್ಟರೆ ಆ ಒಂದೇ ಜನರ ನೆನಪಿನಲ್ಲಿ ಉಳಿಯುತ್ತದೆ. ಮೂರು ಗೋಲು ಬಿಟ್ಟನೆಂಬ ಕಾರಣಕ್ಕೆ ನನ್ನ ಗೆಳೆಯನೊಬ್ಬನನ್ನು ತಂಡದಿಂದ ಕೈಬಿಟ್ಟರು. ಆ ತೀರ್ಮಾನವು ನ್ಯಾಯವಾದುದೇ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಮೊದಲನೆಯದಾಗಿ, ಯಾವ ಹೊಡೆತಗಳನ್ನು ಎಣಿಸಬೇಕು? 2019ನೆಯ ಸೆಪ್ಟೆಂಬರ್ 10ರಂದು ದೋಹಾದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಏಷ್ಯಾದ ಚಾಂಪಿಯನ್ನರಾಗಿದ್ದ ಕತಾರಿನವರು ಭಾರತದ ಗೋಲಿನತ್ತ 27 ಹೊಡೆತ ಹೊಡೆದರೂ ಒಂದು ಗೋಲೂ ಆಗಲಿಲ್ಲ. ಅಂದು ಗೋಲು ಕಾದವನು ಬೆಂಗಳೂರು ಎಫ್.ಸಿ.ಯ ಗುರುಪ್ರೀತ್ ಸಿಂಗ್ ಸಂಧು. ಆದರೆ ಅವನು ತಡೆದುದು 11 ಹೊಡೆತಗಳನ್ನು. ಉಳಿದವು ಗುರಿ ತಪ್ಪಿದವು ಇಲ್ಲವೆ ರಕ್ಷಕರ ಮೈಗೆ ತಾಗಿ ನಿಂತವು. ಗೋಲ್‌ಕೀಪರನ ಲೆಕ್ಕಕ್ಕೆ ಸೇರತಕ್ಕವು ಆ ಹನ್ನೊಂದು ಮಾತ್ರ. ಹನ್ನೊಂದಕ್ಕೆ ಹನ್ನೊಂದನ್ನು ತಡೆದುದು ಸಾಮಾನ್ಯದ ಮಾತಲ್ಲ.

ಎರಡನೆಯದಾಗಿ, ಎಲ್ಲ ಹೊಡೆತಗಳೂ ಸಮಾನವಲ್ಲ. ಪೆನಾಲ್ಟಿಗಳು ಸುಮಾರು ನಾಲ್ಕರಲ್ಲಿ ಮೂರು ಗೋಲಾಗುತ್ತವೆ. ದೂರದಿಂದ ಬಂದ ಹೊಡೆತಗಳು ಅಪರೂಪಕ್ಕೆ ಗೋಲಾಗುತ್ತವೆ. ಆದುದರಿಂದ ಪ್ರತಿ ಹೊಡೆತಕ್ಕೂ ಅದು ಗೋಲಾಗುವ ಸಂಭವವನ್ನು ಬರೆದು ಕೂಡಿಸುತ್ತಾರೆ. ಈ ಮೊತ್ತವನ್ನು ನಿರೀಕ್ಷಿತ ಗೋಲು ಎನ್ನಬಹುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 'ಅ' ಎಂಬವನಿಗೆ ಎರಡು ಪೆನಾಲ್ಟಿ (ತಲಾ 0.75), ಸಮೀಪದಿಂದ ನಾಲ್ಕು ಹೊಡೆತ (ತಲಾ 0.30), ದೂರದಿಂದ ನಾಲ್ಕು (ತಲಾ 0.10) ಬಂದವು. ಮೊತ್ತ 3.1, ಅವನು ಬಿಟ್ಟುದು ಮೂರು. 'ಆ' ಎಂಬವನಿಗೆ ದೂರದ ನಾಲ್ಕೇ ಹೊಡೆತ. ಮೊತ್ತ 0.4, ಅವನು ಬಿಟ್ಟುದು ಎರಡು. ಗೋಲುಗಳನ್ನಷ್ಟೇ ಎಣಿಸುವವರಿಗೆ 'ಆ' ಉತ್ತಮನು. ಹೊಡೆತಗಳನ್ನು ತೂಗುವವರಿಗೆ 'ಅ' ತನ್ನ ಕೆಲಸ ಮಾಡಿದವನು, 'ಆ' ಒಂದೂವರೆ ಗೋಲಿಗಿಂತ ಹೆಚ್ಚು ನಷ್ಟ ಮಾಡಿದವನು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2023ನೆಯ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಾಫ್ ಅಂತಿಮ ಪಂದ್ಯವು 1-1ರಲ್ಲಿ ಮುಗಿದು, ಭಾರತವು ಪೆನಾಲ್ಟಿಗಳಲ್ಲಿ ಕುವೈತನ್ನು 5-4ರಿಂದ ಸೋಲಿಸಿತು. ಕೊನೆಯ ಹೊಡೆತವನ್ನು ತಡೆದ ಗುರುಪ್ರೀತನೇ ಅಂದಿನ ವೀರ. ಆದರೆ ಲೆಕ್ಕ ನೋಡಿರಿ: ಆರು ಹೊಡೆತಗಳಿಗೆ ನಿರೀಕ್ಷೆ 4.5, ಆದ ಗೋಲು ನಾಲ್ಕು. ಅವನು ತಡೆದುದು ಒಂದು, ಇನ್ನೊಂದು ತಾನಾಗಿ ಗುರಿ ತಪ್ಪಿತು. ಕಪ್ಪನ್ನು ತಂದ ಆ ಒಂದು ತಡೆಯ ಬೆಲೆ ದೊಡ್ಡದು. ಆದರೂ ಆರು ಹೊಡೆತಗಳಿಂದ ಯಾರ ಯೋಗ್ಯತೆಯನ್ನೂ ನಿರ್ಣಯಿಸಲಾಗದು. ಒಂದು ಪಂದ್ಯದ ಮೂರು ಗೋಲುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆಲ್ಲ ದೊಡ್ಡ ಯಂತ್ರಗಳು ಬೇಕೆಂದು ತಿಳಿಯಬಾರದು. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಹೊಡೆತ ಎಲ್ಲಿಂದ ಬಂತು, ಕಾಲಿನದೋ ತಲೆಯದೋ, ಗೋಲಿನ ಮೂಲೆಗೋ ಗೋಲ್‌ಕೀಪರನ ಎದೆಗೋ, ನಡುವೆ ಎಷ್ಟು ಜನ ಅಡ್ಡ ನಿಂತಿದ್ದರು ಎಂದು ಬರೆದಿಡಬೇಕು. ಆಟಿಯ ಮಳೆಯಲ್ಲಿ ಜಾರುವ ಚೆಂಡಿಗೆಂದು ನಮ್ಮೂರಿನಲ್ಲಿ ಇನ್ನೊಂದು ಅಂಕಣವೂ ಇರಲಿ. ಒಂದು ಋತುವಿನ ಪಂದ್ಯಗಳನ್ನು ಹೀಗೆ ಬರೆದರೆ ನಂಬತಕ್ಕ ಲೆಕ್ಕ ಮೂಡತೊಡಗುತ್ತದೆ.

ನನ್ನ ಗೆಳೆಯನು ಮೂರು ಗೋಲು ಬಿಟ್ಟ ದಿನ ಹೊಡೆತಗಳನ್ನು ನಮ್ಮಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಲೆಕ್ಕವಿದ್ದಿದ್ದರೆ ಅವನ ತಪ್ಪೇ ಹೊರಬೀಳುತ್ತಿತ್ತೋ ಏನೋ. ಹಾಗಾಗಿದ್ದರೂ ಅದು ನ್ಯಾಯವಾಗುತ್ತಿತ್ತು. ಲೆಕ್ಕವಿಲ್ಲದುದರಿಂದ ಅವನ ಪರವಾಗಿ ಆಡಲು ನಮಗೆ ಒಂದು ಮಾತೂ ಇರಲಿಲ್ಲ. ಮುಂದಿನ ಪಂದ್ಯಕ್ಕೆ ಮೈದಾನಕ್ಕೆ ಹೋಗುವ ಮಿತ್ರರು ಜೇಬಿನಲ್ಲೊಂದು ಪೆನ್ಸಿಲು ಇಟ್ಟುಕೊಂಡು ಹೋಗಬೇಕೆಂದು ನನ್ನ ಬಿನ್ನಹ.