ಗೋಬರ್ ಗ್ಯಾಸ್: ಮೊದಲು ಸಗಣಿ ಲೆಕ್ಕ ಹಾಕಿ



ಭೂಮಿಯ ಬಿಸಿ ಏರುತ್ತಿದೆ, ಕಲ್ಲಿದ್ದಲು, ಡೀಸೆಲ್ ಉರಿಸುವುದನ್ನು ಕಡಿಮೆ ಮಾಡಿ ಅಂತ ಎಲ್ಲೆಡೆ ಹೇಳ್ತಾರೆ. ಹಾಗಾದರೆ ಬಡ ದೇಶಗಳು ಮುಂದೆ ಬರುವುದು ಹೇಗೆ? ಹಸು ಕಟ್ಟಿ ಡೇರಿಗೆ ಹಾಲು ಹಾಕುವ ನಲ್ಲೂರು ಕಡೆಯ ಮನೆಗಳಿಗೆ ಒಂದು ಉತ್ತರ ಕೊಟ್ಟಿಗೆಯಲ್ಲೇ ಇದೆ. ಆದರೆ ಲೆಕ್ಕ ತಿಳಿದಿರಬೇಕು.

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ನಾಲ್ಕೈದು ಜನರ ಅಡುಗೆಗೆ 2 ಘನ ಮೀಟರ್ ಗ್ಯಾಸ್ ಬೇಕು. ಅಂದರೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ನಾಟಿ ಹಸು ದಿನಕ್ಕೆ ಸುಮಾರು 10 ಕಿಲೋ ಹಾಕುತ್ತದೆ. ಕೊಟ್ಟಿಗೆಯಲ್ಲೇ ಮೇಯುವ ಸೀಮೆ ಹಸುಗಳಾದರೆ ಮೂರು ಸಾಕಾದೀತು. ಹೊಲದಲ್ಲಿ ಬಿದ್ದದ್ದು ಲೆಕ್ಕಕ್ಕಿಲ್ಲ. ಸಬ್ಸಿಡಿ ಸಿಗುತ್ತೆ ಅಂತ ಒಂದೇ ಹಸು ಇರುವವರು ಕಟ್ಟಿಸಿದರೆ ಅದು ಸೌದೆ ಒಟ್ಟುವ ಜಾಗವಾಗುತ್ತದೆ, ಅಷ್ಟೆ.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮವನ್ನು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ‘ಅಸ್ತ್ರ’ ಕೇಂದ್ರದವರು ಅಲ್ಲಿ ಇಡೀ ಊರಿಗೆ ಸೇರಿದ ಗೋಬರ್ ಗ್ಯಾಸ್ ಕಟ್ಟಿದರು. ಊರಿನ ಸಗಣಿಯೆಲ್ಲ ಕೂಡಿಸಿದರೂ ಎಲ್ಲರ ಅಡುಗೆಗೆ ಸಾಲದು ಅಂತ ಗೊತ್ತಾಯಿತು. ಆದರೆ ದೀಪಕ್ಕೂ ನೀರೆತ್ತಲೂ ಅದು ಸಾಕಾಗಿತ್ತು. 1987ರಿಂದ ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿ ಕರೆಂಟು ತಯಾರಿಸಿದರು. ಮನೆಗೆ ಬೆಳಕು, ನಲ್ಲಿಗೆ ನೀರು ಬಂತು. ಸಗಣಿ ತಂದುಕೊಟ್ಟವರಿಗೆ ಕಾಸೂ ಸಿಕ್ಕಿತು, ಗೊಬ್ಬರವಾಗಿ ಬಗ್ಗಡವೂ ವಾಪಸ್ಸು ಬಂತು. ನನಗೆ ಬಹಳ ಇಷ್ಟವಾದದ್ದು ಈ ಕೊನೆಯ ಏರ್ಪಾಡು.

ನಮಗೆ ಇನ್ನೂ ಹತ್ತಿರ, ಹೈದರಾಬಾದ್ ಹೆದ್ದಾರಿಯಲ್ಲಿ ಬಾಗೇಪಲ್ಲಿ. ಅಲ್ಲಿನ ಕೂಲಿ ಸಂಘದ ಕುಟುಂಬಗಳಿಗೆ 5,500 ಗೋಬರ್ ಗ್ಯಾಸ್ ಕಟ್ಟುವ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯಲ್ಲಿ ನೋಂದಣಿಯಾಯಿತು. ಸೌದೆ, ಸೀಮೆಎಣ್ಣೆ ಉರಿಸದೆ ಉಳಿಸಿದ ಇಂಗಾಲಕ್ಕೆ ಹೊರದೇಶದವರು ಹಣ ಕೊಡುವ ವ್ಯವಸ್ಥೆ ಅದು. ಕಟ್ಟಿದ್ದಕ್ಕಲ್ಲ, ಒಲೆ ನಿಜವಾಗಿ ಉರಿದದ್ದಕ್ಕೆ ಮಾತ್ರ ಲೆಕ್ಕ. ಹಾಗಾಗಿ ದುರಸ್ತಿ ತಪ್ಪಿಸುವಂತಿಲ್ಲ.

ದುರಸ್ತಿಯ ಮಾತು ಸಣ್ಣದಲ್ಲ. ಈ ಗ್ಯಾಸಿನಲ್ಲಿ ಹೆಚ್ಚಿನ ಪಾಲು ಮೀಥೇನ್. ಉರಿದರೆ ಅಡುಗೆ, ಗುಮ್ಮಟ ಬಿರಿದು ಸೋರಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಉರಿ ಕುಗ್ಗಿದರೆ ಮೊದಲು ಪೈಪಿನಲ್ಲಿ ನೀರು ನಿಂತಿದೆಯೇ ನೋಡಿ.

ಸಭೆಯಲ್ಲಿ ಚರ್ಚೆಗೆ: ಒಂದು ವಾರ ಪ್ರತಿದಿನ ಸಗಣಿ ಬುಟ್ಟಿ ತೂಗಿ ಬರೆದುಕೊಂಡು ಬನ್ನಿ. ಯಾರ ಮನೆಗೆ ಸಾಕು? ಯಾರು ಪಕ್ಕದ ಮನೆಯವರ ಜೊತೆ ಸೇರಬಹುದು? ಅರ್ಜಿಗೆ ಸಹಿ ಹಾಕುವವರು ಗಂಡಸರು. ದಿನಾ 50 ಕಿಲೋ ಹೊತ್ತು ಕಲಸುವವರು ಯಾರು?