ಇಂಜಿನ್ ಶುರುವಾಗಿ ನಿಂತರೆ

ಸಸಿಮಡಿ ಬಾಡುತ್ತಿದೆ. ಡೀಸೆಲ್ ಪಂಪಿನ ಇಂಜಿನ್ ಶುರುವಾಗುತ್ತದೆ. ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಏನು ಮಾಡೋಣ?

ಹೆದರುವುದು ಬೇಡ. ಶುರುವಾಯಿತು ಅಂದರೆ ಇಂಜಿನ್ ಪೂರ್ತಿ ಕೆಟ್ಟು ಹೋಗಿರಲಿಕ್ಕಿಲ್ಲ. ಬಹಳ ಸಲ ಅದಕ್ಕೆ ಡೀಸೆಲ್ ಸರಿಯಾಗಿ ಸಿಗುತ್ತಿರುವುದಿಲ್ಲ. ಡೀಸೆಲ್ ಬರುವ ದಾರಿಯನ್ನು ನಾವೇ ನೋಡೋಣ. ಮೊದಲು ಇಂಜಿನ್ ತಣ್ಣಗಾಗಲಿ. ಬೀಡಿ, ಬೆಂಕಿ ಹತ್ತಿರ ಬೇಡ.

1. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ನಲ್ಲಿ ತೆರೆದಿದೆಯಾ?

2. ಟ್ಯಾಂಕಿನ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಅದರಲ್ಲಿ ಮಣ್ಣು ಕಟ್ಟಿದರೆ ಗಾಳಿ ಒಳಗೆ ಹೋಗಲ್ಲ. ಡೀಸೆಲ್ ಕೆಳಗೆ ಇಳಿಯಲ್ಲ. ಮುಚ್ಚಳ ಸಡಿಲ ಮಾಡಿದಾಗ ಇಂಜಿನ್ ನಿಲ್ಲದೆ ಓಡಿತೇ? ಹಾಗಾದರೆ ತೂತು ಸ್ವಚ್ಛ ಮಾಡಿದರೆ ಸಾಕು.

3. ಫಿಲ್ಟರಿನಲ್ಲಿ ಕಸ ತುಂಬಿದೆಯಾ? ಹೊಸದು ಹಾಕಬೇಕು.

4. ಟ್ಯಾಂಕ್ ಬರಿದಾದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಡೀಸೆಲ್ ತುಂಬಿಸಿ, ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ. ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ತಿರುಪನ್ನು ಬಿಗಿ ಮಾಡಿ.

ಇಷ್ಟಾದರೂ ನಿಂತರೆ ಮೆಕ್ಯಾನಿಕ್ ಬರಲಿ. ನಾವು ಏನೇನು ನೋಡಿದೆವು ಎಂದು ಹೇಳೋಣ. ಆಗ ಸುಮ್ಮನೆ ಸಾಮಾನು ಬದಲಾಯಿಸಿ ದುಡ್ಡು ಕೇಳುವುದು ಸುಲಭವಲ್ಲ.

ಎಚ್ಚರಿಕೆ! ಬಾವಿಯೊಳಗೆ, ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಬಾರದು. ಅದರ ಹೊಗೆ ಜೀವ ತೆಗೆಯುತ್ತದೆ.

ಹೇಳಿ ನೋಡೋಣ: ಮುಚ್ಚಳದ ತೂತು ಯಾಕೆ ಬೇಕು?